ಜೇನು ಪೆಟ್ಟಿಗಿ ತುಂಬ ಮರಿ, ತುಪ್ಪ ಮಾತ್ರ ಇಲ್ಲ!

ಪ್ರಶ್ನೆ: ಸರ್ ನಮಸ್ಕಾರ್ರಿ. ನಮ್ದು ಮುಧೋಳ ಕಡೆ, ಮೆಲ್ಲಿಫೆರಾ (ಯುರೋಪಿನ ಸಾಕು ಜೇನು) ಪೆಟ್ಟಿಗಿ ಅದಾವ, ಸುತ್ತ ಹೊಲದಾಗ ಸೂರ್ಯಪಾನ ಹೂ ಬಿಟ್ಟೈತಿ. ಒಂದು ಪೆಟ್ಟಿಗಿ ತೆಗದು ನೋಡಿದ್ರ ಎರಿ ಕಟ್ಟೋ 10 ಫ್ರೇಮಿನಾಗ (ಚೌಕಟ್ಟಿನಾಗ) 7ರಾಗ ಬರೇ ಮರಿ, ಜೇನುತುಪ್ಪ ಭಾಳ ಕಮ್ಮಿ. ಇದು ಚಲೋನೋ ಕೆಟ್ಟದ್ದೋ? ಸ್ವಲ್ಪ ಮರಿ ಎರಿ ತೆಗೀಲೋ, ಇಲ್ಲಾ ಮ್ಯಾಲ ಸೂಪರ್ (ತುಪ್ಪ ತುಂಬಾಕ ಇಡೋ ಮ್ಯಾಲಿನ ಪೆಟ್ಟಿಗಿ) ಇಡ್ಲೋ?

ಉತ್ತರ: ಮೊದಲ ಎರಿ ತೆಗ್ಯಾಕ ಹೋಗಬ್ಯಾಡ್ರಿ. ಪೆಟ್ಟಿಗಿ ಚಲೋನ ಐತಿ. ಆದ್ರ ಕೋಶಕ್ಕ ಮೇಣದ ಮುಚ್ಚಳ ಬಿದ್ದ ಮರಿ ನೋಡಿದ್ರ ರಾಣಿ ಹಿಂದಿನ ವಾರಗಳಾಗ ಏನ್ ಮಾಡ್ಯಾಳ ಅಂತ ಅಷ್ಟ ಗೊತ್ತಾಗತೈತಿ, ಈಗ ಏನ್ ಮಾಡಾಕತ್ತ್ಯಾಳ ಅನ್ನೋದು ತತ್ತಿ ನೋಡಿದ್ರನ ತಿಳಿಯೋದು. ಬಿಸಲಿಗೆ ಬೆನ್ನು ಮಾಡಿ ನಿಂತು, ಹೆಗಲ ಮ್ಯಾಲಿಂದ ಬೆಳಕು ಎರಿ ಮ್ಯಾಲ ಬೀಳೂವಂಗ ಹಿಡೀರಿ, ಕೋಶದ ತಳದಾಗ ಬಿಳಿ ದಾರದ ತುಣುಕಿನಂಗ ಕಾಣತಾವ.

ಲೆಕ್ಕ ಹಿಂಗೈತಿ. ಕೆಲಸಗಾರ ಹುಳ ತತ್ತಿಯಾಗಿ 3 ದಿನ, ಬಿಚ್ಚಿದ (ಮುಚ್ಚಳ ಇಲ್ಲದ) ಮರಿಯಾಗಿ ಸುಮಾರು 6 ದಿನ, ಮುಚ್ಚಳದೊಳಗ 12 ದಿನ, ಒಟ್ಟು 21. ರಾಣಿ ಒಂದ ಸಮ ಇಡಾಕತ್ತಿದ್ರ ನಿಮ್ಮ 7 ಫ್ರೇಮಿನಾಗ ತತ್ತಿ ಒಂದು ಫ್ರೇಮಿನಷ್ಟು, ಬಿಚ್ಚಿದ ಮರಿ ಎರಡರಷ್ಟು, ಮುಚ್ಚಿದ್ದು ನಾಕರಷ್ಟು ಇರಬೇಕು. ತತ್ತಿ ಅದಕ್ಕಿಂತ ಜಾಸ್ತಿ ಇದ್ರ ಸಂಸಾರ ಇನ್ನೂ ಬೆಳ್ಯಾಕತ್ತೈತಿ ಅಂತ, ಭಾಳ ಕಮ್ಮಿ ಇದ್ರ ಎಚ್ಚರ ಆಗ್ರಿ, ರಾಣಿಗೆ ವಯಸ್ಸಾಗಿರಬಹುದು, ಇಡಾಕ ಜಾಗಾನ ಇಲ್ಲದಿರಬಹುದು, ಇಲ್ಲಾ ಹುಳ ಪಾಲಾಗಿ (ಅರ್ಧ ಸಂಸಾರ ಬ್ಯಾರೆ ಆಗಿ ಹಾರಿ) ಹೋಗಾಕ ತಯಾರಿ ನಡದಿರಬಹುದು.

ತುಪ್ಪ ಯಾಕ ಇಲ್ಲ ಅಂದ್ರ, ತಂದಿದ್ದೆಲ್ಲಾ ಮರಿಗೆ ಹೋಗಾಕತ್ತೈತಿ. ಇನ್ನೊಂದು ಮಾತು, ಇದನ್ನ ಭಾಳ ಮಂದಿ ಮರೀತಾರ: ಹುಟ್ಟಿದ ಹುಳ ಸುಮಾರು 3 ವಾರ ಮನಿ ಒಳಗಿನ ಕೆಲಸಾನ ಮಾಡೋದು, ಆಮ್ಯಾಲ ಹೊಲಕ್ಕ ಹೋಗೋದು. ಅಂದ್ರ ಇವತ್ತಿನ ತತ್ತಿ ಹೂವಿಗೆ ಹೋಗಬೇಕಂದ್ರ ಸುಮಾರು 6 ವಾರ ಬೇಕು, ಅಷ್ಟರಾಗ ನಿಮ್ಮ ಸೂರ್ಯಪಾನ ಒಣಗಿ ರಾಶಿಗೆ ಬಂದಿರತೈತಿ. ಹಂಗಾಗಿ ಈ ಮರಿ ಎಲ್ಲಾ ಮುಂದಿನ ಹೂವಿನ ಸಲುವಾಗಿ ಅಂತ ತಿಳೀರಿ, ಕುಸುಬಿನೋ ಬೇವೋ ಏನೈತಿ ಅಂತ ಈಗಿಂದನ ನೋಡಿಟ್ಟುಕೊಳ್ರಿ. ಏನೂ ಇಲ್ಲಂದ್ರ ಪೆಟ್ಟಿಗಿ ಬ್ಯಾರೆ ಕಡೆ ಒಯ್ಯಬೇಕು, ಇಲ್ಲಾ ಸಕ್ಕರಿ ಪಾಕ ಕೊಡಬೇಕು, ಇಷ್ಟು ಬಾಯಿ ಉಪವಾಸ ಕೆಡವಬ್ಯಾಡ್ರಿ.

ಸೂಪರ್: 8-9 ಫ್ರೇಮ್ ಮ್ಯಾಲ ಹುಳ ಗಿಚ್ಚಾಗಿ ಕುಂತಿದ್ರ ಇಡ್ರಿ, ತಡ ಮಾಡಬ್ಯಾಡ್ರಿ, ಮುಚ್ಚಿದ ಮರಿ ಎಲ್ಲಾ 12 ದಿನದೊಳಗ ಹೊರಗ ಬರತಾವ, ಒಂದು ಫ್ರೇಮಿನ ಎರಡೂ ಮಗ್ಗಲ ಸೇರಿ ಸುಮಾರು 6-7 ಸಾವಿರ ಕೋಶ ಇರತಾವ, ಅದರಾಗ ಅರ್ಧಕ್ಕ ಮರಿ ಇದ್ರೂ ಎಷ್ಟಾತು ನೀವ ಹೇಳ್ರಿ. ಎರಿ ಕೆಳಗಿನ ಅಂಚಿನಾಗ ಜೋತುಬಿದ್ದ ರಾಣಿ ಕೋಶ (ಹೊಸಾ ರಾಣಿ ಬೆಳೆಯೋ ಕೋಶ) ಅದಾವೇನು ಅಂತ 7-8 ದಿನಕ್ಕೊಮ್ಮೆ ನೋಡ್ರಿ. ಅದು ತತ್ತಿ ಇಟ್ಟ 9ನೇ ದಿನದ ಸುಮಾರಿಗೆ ಮುಚ್ಚತೈತಿ, ಮುಚ್ಚಿದ ಹೊತ್ತಿಗೆ ಹಳೇ ರಾಣಿ ಅರ್ಧ ಹುಳ ಕರ್ಕೊಂಡು ಹಾರಿ ಹೋಗತೈತಿ. ಒಳಗ ಮರಿ ಇರೋ ರಾಣಿ ಕೋಶ ಕಂಡ್ರ ಅವು ಪಾಲಾಗೋಕಿಂತ ಮೊದ್ಲ ನೀವ ಪಾಲು ಮಾಡ್ರಿ, ಹಳೇ ರಾಣಿ ಮತ್ತ ಎರಡು ಮೂರು ಫ್ರೇಮ್ ಹುಳದ ಸಮೇತ ಹೊಸಾ ಪೆಟ್ಟಿಗಿಗೆ.

ಮರಿಗೆ 34-35 ಡಿಗ್ರಿ ಶಾಖ ಬೇಕು, ನಮ್ಮ ಬಾಗಲಕೋಟಿ ಬಿಸಲಾಗ ಎರಿ ಹಿಡ್ಕೊಂಡು ಫೋಟೋ ತೆಗೀಕೋಂತ ನಿಲ್ಲಬ್ಯಾಡ್ರಿ. ಮರಿ ಅಲ್ಲಲ್ಲಿ ಚೆದುರಿ, ಮುಚ್ಚಳ ತಗ್ಗಾಗಿ ತೂತು ಬಿದ್ದು ವಾಸನಿ ಬಂದ್ರ ರೋಗದ ಅನುಮಾನ, ಬಾಗಲಕೋಟಿ ತೋಟಗಾರಿಕೆ ವಿಶ್ವವಿದ್ಯಾಲಯದಾಗ ತೋರಿಸ್ರಿ.

ಪ್ರಶ್ನೆ: ನಮ್ದು ಇಂಡಿ ಕಡೆ ಲಿಂಬಿ ತೋಟ, ತುಡವಿ ಜೇನಿಗೂ (ನಮ್ಮ ನಾಡಿನ ಸಣ್ಣ ಜೇನು) ಇದ ಲೆಕ್ಕ ನಡೀತೈತೇನ್ರಿ?

ಉತ್ತರ: ಪೂರ್ತಿ ಇಲ್ರಿ. ತುಡವಿ ಸಂಸಾರ ಸಣ್ಣದು, ಹುಳ ಒಂದೆರಡು ದಿನ ಮೊದ್ಲ ಹೊರಗ ಬರತೈತಿ. ಪದೇಪದೇ ತೆಗದು ಕಾಡಿದ್ರ ಪೆಟ್ಟಿಗಿ ಬಿಟ್ಟ ಹೋಗೋ ಜಾತಿ ಅದು, ಹಂಗಾಗಿ ಹೊರಗಿಂದನ ನೋಡ್ರಿ, ಕಾಲಿಗೆ ಪರಾಗ ಹಚ್ಕೊಂಡು ಹುಳ ಒಳಗ ಹೊಂಟಿದ್ರ ಸಾಮಾನ್ಯವಾಗಿ ಮರಿ ಐತಿ ಅಂತನ ಅರ್ಥ.