ತಾತ ನೆಲ ಚುಚ್ಚಿ ನೋಡುತ್ತಿದ್ದರು

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರ: ‘ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಸ್ಯಾಪರ್ (ಸೇನೆಯ ಎಂಜಿನಿಯರ್ ದಳದ ಯೋಧ) ಆಗಿದ್ದ ನಮ್ಮ ತಾತ ತೀರಿಕೊಂಡು ಬರುವ ತಿಂಗಳಿಗೆ ಒಂದು ವರ್ಷ. ವರ್ಷದ ತಿಥಿಗೆ ಒಂದು ಕಿರುಪುಸ್ತಕ ತರಬೇಕೆಂದಿದ್ದೇವೆ. 1971ರ ಯುದ್ಧದಲ್ಲಿದ್ದರೂ ಒಂದು ಗುಂಡನ್ನೂ ಹಾರಿಸಲಿಲ್ಲ ಎಂದು ಅವರೇ ಹೇಳುತ್ತಿದ್ದರು. ಆ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿ ಸೇವೆ ಸಲ್ಲಿಸಿದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ ಪದಕ ಇವೆ; ಶೌರ್ಯ ಪ್ರಶಸ್ತಿ ಇಲ್ಲ. ಬರೆಯಲು ಏನಿದೆ ಎಂದು ಚಿಕ್ಕಪ್ಪ ಕೇಳುತ್ತಾರೆ. ನನಗೆ ನೆನಪಿರುವುದು, ಗದ್ದೆಗೆ ಹೋದಾಗ ಮೊಮ್ಮಕ್ಕಳನ್ನು ಹಿಂದೆ ನಿಲ್ಲಿಸಿ, ಕಬ್ಬಿಣದ ಸಲಾಕೆಯಿಂದ ಬದುವನ್ನು ಚುಚ್ಚಿ ನೋಡಿ ಆಮೇಲೆ ಕಾಲಿಡುತ್ತಿದ್ದದ್ದು. ಹಾವಿನ ಬಿಲಕ್ಕೆ ಹೆದರುತ್ತಾರೆ ಎಂದುಕೊಂಡಿದ್ದೆವು.’

ನಿಮ್ಮ ಪತ್ರದ ಕೊನೆಯ ಎರಡು ಸಾಲುಗಳನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ನೆಲಬಾಂಬ್ ಹುಡುಕುವ ಸ್ಯಾಪರ್ ಹೊಟ್ಟೆಯ ಮೇಲೆ ತೆವಳುತ್ತಾನೆ. ಸಲಾಕೆಯನ್ನು ನೆಟ್ಟಗೆ ಇಳಿಸುವುದಿಲ್ಲ, ಓರೆಯಾಗಿ ತೂರಿಸುತ್ತಾನೆ. ಬಾಂಬಿನ ನೆತ್ತಿಗೆ ಒತ್ತಡ ಬಿದ್ದರೆ ಅಲ್ಲಿಗೆ ಮುಗಿಯಿತು, ಪಕ್ಕೆಗೆ ತಗುಲಿದರೆ ಬದುಕಿದ. ಗೇಣು ಗೇಣಾಗಿ ಹೀಗೆ ಮುಂದೆ ಸಾಗಬೇಕು, ಕತ್ತಲಲ್ಲಿ, ಶತ್ರುವಿನ ಗುಂಡಿನ ನಡುವೆ. ನಿಮ್ಮ ತಾತ ಸಲಾಕೆಯನ್ನು ಓರೆಯಾಗಿ ಹಿಡಿಯುತ್ತಿದ್ದರೇ? ಅಜ್ಜಿಯನ್ನೋ ಅಪ್ಪನನ್ನೋ ಕೇಳಿ ನೋಡಿ.

1971ರ ಆ ಡಿಸೆಂಬರಿನಲ್ಲಿ ಪಶ್ಚಿಮ ಗಡಿಯ ಶಕರ್‌ಗಢ ವಲಯದ ತುಂಬ ನೆಲಬಾಂಬುಗಳೇ. 15ರ ರಾತ್ರಿ ಬಸಂತರ್ ನದಿಯ ಬಳಿ ಸ್ಯಾಪರ್‌ಗಳು ಹಾದಿ ತೆರವು ಮಾಡುತ್ತಿದ್ದರು. ಕೆಲಸ ಮುಗಿಯುವ ಮೊದಲೇ ಟ್ಯಾಂಕ್ ದಳವಾದ ಪೂನಾ ಹಾರ್ಸ್‌ನ ಟ್ಯಾಂಕುಗಳು ಅದರೊಳಗೆ ನುಗ್ಗಬೇಕಾಯಿತು. ಮರುದಿನ ಅಲ್ಲಿ ಮಡಿದ ಅದೇ ದಳದ ಅರುಣ್ ಖೇತ್ರಪಾಲ್‌ಗೆ ಪರಮವೀರ ಚಕ್ರ ಬಂತು. ಅವರ ಹೆಸರು ನಮಗೆಲ್ಲ ಗೊತ್ತು, ಗೊತ್ತಿರಲೇಬೇಕು. ಹಾದಿ ಬಿಡಿಸಿದ ಬಹುಪಾಲು ಕೈಗಳ ಹೆಸರು ಮಾತ್ರ ಅವರವರ ಮನೆಯವರಿಗಷ್ಟೇ ಗೊತ್ತು. ಅದಕ್ಕೇ ಚಿಕ್ಕಪ್ಪನವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ತಾತ ಬಸಂತರ್‌ನಲ್ಲಿದ್ದರೆಂದು ಊಹೆಯ ಮೇಲೆ ಬರೆಯಬೇಡಿ. ಪದಕದ ಅಂಚನ್ನು ಬೆಳಕಿಗೆ ಹಿಡಿದರೆ ಅವರ ಸಂಖ್ಯೆ, ಹುದ್ದೆ, ಹೆಸರು ಕಾಣುತ್ತವೆ. ಅದನ್ನೂ ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕವನ್ನೂ ಇಟ್ಟುಕೊಂಡು ಬೆಂಗಳೂರಿನಲ್ಲಿರುವ ಅವರ ಗ್ರೂಪ್‌ನ ದಾಖಲೆ ಕಚೇರಿಗೆ ಬರೆಯಿರಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ದಾರಿ ತೋರಿಸುತ್ತಾರೆ. ಜೊತೆಗಿದ್ದ ‘ತಂಬಿ’ಗಳು, ಅಂದರೆ ಮದ್ರಾಸ್ ಸ್ಯಾಪರ್‌ಗಳು, ಯಾರಾದರೂ ಸಿಕ್ಕರೆ ಈ ವಾರವೇ ಹೋಗಿ ಮಾತನಾಡಿಸಿ. ಅಂದು ಇಪ್ಪತ್ತೈದರ ಹುಡುಗರಾಗಿದ್ದವರಿಗೆ ಈಗ ಎಂಬತ್ತರ ಆಸುಪಾಸು.

ಪುಸ್ತಕವನ್ನು ಗದ್ದೆಯ ಬದುವಿನಿಂದಲೇ ಶುರುಮಾಡಿ. ಹಿಂದೆ ಸಾಲಾಗಿ ನಿಂತ ಮೊಮ್ಮಕ್ಕಳು ಯಾರು ಯಾರು, ‘ಬನ್ನಿ’ ಎಂದು ಅವರು ಹೇಗೆ ಕೈಬೀಸುತ್ತಿದ್ದರು, ಎಲ್ಲವನ್ನೂ ಬರೆಯಿರಿ. ಆ ಸಲಾಕೆ ಕೊಟ್ಟಿಗೆಯಲ್ಲೋ ಅಟ್ಟದ ಮೇಲೋ ಇನ್ನೂ ಇರಬಹುದು. ಸಿಕ್ಕರೆ ತುಕ್ಕು ಉಜ್ಜಬೇಡಿ. ಹಾಗೆಯೇ ಒಂದು ಫೋಟೊ ತೆಗೆದು ನಮಗೂ ಕಳುಹಿಸಿ.

— ಸಂಪಾದಕ