ಟ್ರ್ಯಾಕಿಗೆ ಇಳಿಯುವ ಮೊದಲ ಕಾರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೈಯಲ್ಲಿ 4 ಲಕ್ಷ ರೂಪಾಯಿ ಇದೆ. ವರ್ಷಕ್ಕೆ ಮೂರು ನಾಲ್ಕು ಸಲ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೋ ಹೋಗುವ ಆಸೆ. ಉಳಿದ ದಿನ ಅದೇ ಕಾರಿನಲ್ಲಿ ಆಫೀಸಿಗೆ ಹೋಗಬೇಕು. ಹಳೆಯ ಪೋಲೊ ತಗೊಳ್ಳಲೋ, ಸ್ವಿಫ್ಟೋ? (ಮೈಸೂರು)

ಉತ್ತರ: ಸ್ವಿಫ್ಟ್. ಪೆಟ್ರೋಲ್, ಮ್ಯಾನ್ಯುವಲ್ ಗೇರ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇರುವುದು. 4 ಲಕ್ಷದಲ್ಲಿ ಕಾರಿಗೆ 3 ಲಕ್ಷ ಮೀರಬೇಡಿ. ಉಳಿದ ಒಂದು ಲಕ್ಷ ಟೈರು, ಬ್ರೇಕು, ಆಯಿಲ್, ಕೂಲಂಟ್, ಸಸ್ಪೆನ್ಶನ್ ಬುಷ್ ಇವಕ್ಕೇ ಬೇಕಾಗುತ್ತದೆ. ಇದ್ದ ದುಡ್ಡನ್ನೆಲ್ಲ ಕಾರಿಗೇ ಸುರಿದವರು ಸವೆದ ಟೈರಿನಲ್ಲೇ ಟ್ರ್ಯಾಕಿಗೆ ಇಳಿಯುತ್ತಾರೆ. ನಾವು ಹೆದರುವುದು ಅದಕ್ಕೇ.

ಪೋಲೊ ಒಳ್ಳೆಯ ಕಾರು, ಅನುಮಾನವಿಲ್ಲ. ಆದರೆ ಹೆಸರು ನೋಡಿ ಮೋಸ ಹೋಗಬೇಡಿ. ಟ್ರ್ಯಾಕಿಗೆ ಚೆಂದ ಅನಿಸುವುದು 2020ರಲ್ಲಿ ಬಂದ 1.0 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನ ಟಿಎಸ್‌ಐ: 110 ಪಿಎಸ್ (ಎಂಜಿನ್ ಬಲದ ಅಳತೆ), ಆರು ಗೇರಿನ ಮ್ಯಾನ್ಯುವಲ್. ಅದು ನಿಮ್ಮ ಬಜೆಟ್ಟಿಗೆ ಸಿಗುವುದು ಕಷ್ಟ. ಈ ಹಣಕ್ಕೆ ಹೆಚ್ಚಾಗಿ ಸಿಗುವುದು ಟರ್ಬೊ ಇಲ್ಲದ ಮೂರು ಸಿಲಿಂಡರಿನ ಪೋಲೊ. ಅದರದ್ದು 75 ಪಿಎಸ್ ಆಸುಪಾಸು, ಮೈ ಮಾತ್ರ ಭಾರ. 1.2 ಜಿಟಿ ಟಿಎಸ್‌ಐ ಸಿಕ್ಕರೂ ಅದರಲ್ಲಿರುವುದು ಏಳು ಗೇರಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಒಣ ಕ್ಲಚ್‌ನದು. ಅದು ಬಿಸಿ ತಡೆಯುವುದು ಕಡಿಮೆ, ರಿಪೇರಿಗೆ ಬಂದರೆ ನಿಮ್ಮ ಇಡೀ ವರ್ಷದ ಟ್ರ್ಯಾಕ್ ಖರ್ಚು ಅಲ್ಲೇ ಮುಗಿಯುತ್ತದೆ.

2011ರಿಂದ 2017ರವರೆಗಿನ ಸ್ವಿಫ್ಟ್ ಪೆಟ್ರೋಲ್ 965 ಕೆಜಿ ಆಸುಪಾಸು ತೂಗುತ್ತದೆ. 2018ರಲ್ಲಿ ಬಂದ ಮಾದರಿ ಇನ್ನೂ ಹಗುರ, 855ರಿಂದ 880 ಕೆಜಿ. ಎರಡರಲ್ಲೂ 83ರಿಂದ 87 ಪಿಎಸ್ ಕೊಡುವ 1,197 ಸಿಸಿ ಎಂಜಿನ್. ಕಡಿಮೆ ಅನ್ನಿಸಬಹುದು, ಆದರೆ ಕಲಿಯಲು ಇಷ್ಟು ಸಾಕು. ಬ್ರೇಕ್ ಪ್ಯಾಡ್, ವೀಲ್ ಬೇರಿಂಗ್, ಡ್ರೈವ್‌ಶಾಫ್ಟ್ ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಸಿಗುತ್ತವೆ. ಹಳೆಯ ಸ್ವಿಫ್ಟ್‌ಗಳ ಕೆಳಗಿನ ವೇರಿಯಂಟ್‌ಗಳಲ್ಲಿ ಎಬಿಎಸ್ ಇಲ್ಲ. ಕೀ ತಿರುಗಿಸಿದಾಗ ಎಬಿಎಸ್ ದೀಪ ಹೊತ್ತಿ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹೊತ್ತದೇ ಇದ್ದರೆ ಎಬಿಎಸ್ಸೇ ಇಲ್ಲ, ಇಲ್ಲವೇ ಯಾರೋ ದೀಪ ಕಿತ್ತಿದ್ದಾರೆ.

ತೂಕಕ್ಕೆ ಯಾಕಿಷ್ಟು ಮಹತ್ವ? ಲೆಕ್ಕ ಹಾಕಿ. ಚಾಲಕನೂ ಸೇರಿ 1,000 ಕೆಜಿ ಕಾರು 140 ಕಿ.ಮೀ. ವೇಗದಿಂದ 60ಕ್ಕೆ ಇಳಿಯುವಾಗ 600 ಕಿಲೊಜೂಲ್‌ಗಿಂತ ಹೆಚ್ಚು ಶಕ್ತಿ ಬಿಡಬೇಕು. ಅಷ್ಟು ಶಕ್ತಿಯಲ್ಲಿ ಸುಮಾರು 2 ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಒಂದೇ ಒಂದು ತಿರುವಿಗೆ, ನಾಲ್ಕೈದು ಸೆಕೆಂಡಿನಲ್ಲಿ! ಅದರ ಬಹುಪಾಲು ಮುಂದಿನ ಎರಡು ಡಿಸ್ಕುಗಳ ಮೇಲೇ ಬೀಳುತ್ತದೆ. ಕಾರು 1,300 ಕೆಜಿ ಇದ್ದರೆ ಅದೇ ತಿರುವಿನಲ್ಲಿ 800 ಕಿಲೊಜೂಲ್. ಡಿಸ್ಕು ತಣ್ಣಗಾಗುವ ಮುನ್ನ ಮುಂದಿನ ತಿರುವು ಬಂದಿರುತ್ತದೆ. ಹಗುರ ಕಾರಿನಲ್ಲಿ ಬ್ರೇಕು, ಟೈರು, ಜೇಬು ಮೂರೂ ಉಳಿಯುತ್ತವೆ.

ಪ್ರಶ್ನೆ: ಡೀಸೆಲ್ ಸ್ವಿಫ್ಟ್ ಇದೆ. ಎಳೆತ ಜಾಸ್ತಿ ಅಲ್ಲವೇ, ಅದನ್ನೇ ಒಯ್ಯಬಹುದೇ? (ದಾವಣಗೆರೆ)

ಉತ್ತರ: ಒಮ್ಮೆ ರುಚಿ ನೋಡಲು ಒಯ್ಯಿರಿ. ಟ್ರ್ಯಾಕಿಗೆಂದೇ ಡೀಸೆಲ್ ಕೊಳ್ಳಬೇಡಿ. ಪೆಟ್ರೋಲ್ ಕಾರಿಗಿಂತ 90–100 ಕೆಜಿ ಹೆಚ್ಚು, ಅದೂ ಮುಂದಿನ ಚಕ್ರಗಳ ಮೇಲೇ. ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ಹೊರಗೆ ಹೋಗುತ್ತದೆ, ಮುಂದಿನ ಎಡ ಟೈರಿನ ಭುಜ ಬೇಗ ಕರಗುತ್ತದೆ. ಬಲ ಬರುವ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ವೇಗ) ಪಟ್ಟಿಯೂ ಕಿರಿದು. ತಿರುವಿನ ನಡುವೆ ಗೇರ್ ಬದಲಿಸಬೇಕಾಗುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಟ್ರ್ಯಾಕಿನ ದೃಷ್ಟಿಯಿಂದ ಏನೇನು ಪರೀಕ್ಷಿಸಬೇಕು? (ಹುಬ್ಬಳ್ಳಿ)

ಉತ್ತರ: ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಸ್ಟಾರ್ಟ್ ಆದೊಡನೆ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸಿಲಿಂಡರ್‌ಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಕೂಲಂಟ್ ಟ್ಯಾಂಕಿನಲ್ಲಿ ಬರೀ ನೀರು ಅಥವಾ ತುಕ್ಕಿನ ಬಣ್ಣ ಕಂಡರೆ, ಆ ಎಂಜಿನ್ ಟ್ರ್ಯಾಕಿನ 20 ನಿಮಿಷ ತಡೆಯುವುದು ಅನುಮಾನ.

ಖಾಲಿ ಮೈದಾನದಲ್ಲಿ ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ. ಟಕ್ ಟಕ್ ಸದ್ದು ಬಂದರೆ ಎಂಜಿನ್ ಬಲವನ್ನು ಮುಂದಿನ ಚಕ್ರಕ್ಕೆ ಒಯ್ಯುವ ಸಿವಿ ಜಾಯಿಂಟ್ ಸವೆದಿದೆ. ಜ್ಯಾಕ್ ಹಾಕಿ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಇವೆಲ್ಲ ಬದಲಿಸಬಹುದಾದ ಸಾಮಾನು, ಬೆಲೆ ಇಳಿಸಿ ಕೊಳ್ಳಿ. ಆದರೆ ಬಾನೆಟ್ ಎತ್ತಿದಾಗ ಏಪ್ರನ್ (ಎಂಜಿನ್ನಿನ ಎರಡೂ ಬದಿಯ ಲೋಹದ ಗೋಡೆ) ಮೇಲೆ, ಸ್ಟ್ರಟ್ (ಮುಂದಿನ ಸಸ್ಪೆನ್ಶನ್ ಕಂಬ) ಕೂರುವ ಜಾಗದ ಸುತ್ತ ಕಂಪನಿಯ ದುಂಡು ವೆಲ್ಡ್ ಚುಕ್ಕಿಗಳು ಕಾಣದೆ ಪುಟ್ಟಿಯೋ ಕೈ ವೆಲ್ಡಿಂಗೋ ಕಂಡರೆ ಎಷ್ಟು ಅಗ್ಗವಾದರೂ ಬೇಡ. ಆ ಕಾರಿನ ಅಲೈನ್‌ಮೆಂಟ್ ಎಂದೂ ನಿಲ್ಲುವುದಿಲ್ಲ.

ಪ್ರಶ್ನೆ: ಟ್ರ್ಯಾಕಿನಲ್ಲಿ ನಾಲ್ಕನೇ ಸುತ್ತಿಗೆ ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತು. ಪ್ಯಾಡ್ ಹೊಸದೇ. ಕಾರು ಬದಲಿಸಬೇಕೇ? (ಬೆಂಗಳೂರು)

ಉತ್ತರ: ಬೇಡ, ಬ್ರೇಕ್ ಆಯಿಲ್ ಬದಲಿಸಿ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಬೆಂದಿದೆ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಆಯಿಲ್ ಕುದಿದಿದೆ. ನಿಮ್ಮದು ಎರಡನೆಯದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಕುದಿದಾಗ ಹುಟ್ಟುವ ಆವಿ ಗುಳ್ಳೆಯಂತೆ ಅದುಮಿಕೊಳ್ಳುತ್ತದೆ, ಒತ್ತಡ ಬ್ರೇಕಿನ ಪಿಸ್ಟನ್ನಿಗೆ ತಲುಪುವುದಿಲ್ಲ.

ಸೀಲ್ ಒಡೆಯದ 1 ಲೀಟರ್ ಡಾಟ್ 4 ಅಥವಾ 5.1 ತನ್ನಿ. ಬರೀ ಡಾಟ್ 5 ಬೇಡ. ಅದು ಸಿಲಿಕೋನ್, ಇವೆರಡರ ಜೊತೆ ಬೆರೆಯುವುದಿಲ್ಲ. ಹಳೆಯ ಆಯಿಲನ್ನು ಒಂದೊಂದೇ ಚಕ್ರದ ಬಳಿ ಹೊರಗೆ ಬಿಡಬೇಕು. ಬಲಗಡೆ ಸ್ಟಿಯರಿಂಗಿನ ಕಾರಿನಲ್ಲಿ ಚಕ್ರಗಳ ಸಾಮಾನ್ಯ ಕ್ರಮ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಿಮ್ಮ ಕಾರಿನ ಸರ್ವಿಸ್ ಪುಸ್ತಕ ಬೇರೆ ಕ್ರಮ ಹೇಳಿದರೆ ಅದನ್ನೇ ಪಾಲಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಬ್ರೇಕಿನ ಮೇಲಿನ ಆಯಿಲ್ ಬಿಡುವ ನಿಪ್ಪಲ್‌ಗೆ ಕೊಳವೆ ಸಿಕ್ಕಿಸಿ, ಅದನ್ನು ಸಡಿಲಿಸಿ, ಆಯಿಲ್ ಕೊಳವೆಗೆ ಹರಿದ ಮೇಲೆ ಬಿಗಿ ಮಾಡಿ, ಆಮೇಲೆ ‘ಬಿಡಿ’ ಅನ್ನಬೇಕು. ಬಿಗಿ ಮಾಡುವ ಮುನ್ನ ಪೆಡಲ್ ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ. ನಾಲ್ಕೈದು ಸಲ ಒತ್ತಿದ ಮೇಲೊಮ್ಮೆ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ನೋಡಿ, ಮಟ್ಟ ಕೆಳಗಿನ ಗೆರೆ ದಾಟಿದರೆ ಮೊದಲಿಂದ ಶುರು. ಚಹಾ ಬಣ್ಣ ಹೋಗಿ ತಿಳಿ ಬಣ್ಣ ಬರುವವರೆಗೆ ಬಿಡಬೇಡಿ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಕಿತ್ತು ಬರುತ್ತದೆ.

ಹೊಸ ಪ್ಯಾಡನ್ನು ಪಳಗಿಸಿದ್ದೀರಾ? ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದಂತೆ ಓಡಿಸಿ ತಣಿಸಿ.

ಪ್ರಶ್ನೆ: ಟೈರಿನ ಗಾಳಿ ಎಷ್ಟಿರಬೇಕು? (ಶಿವಮೊಗ್ಗ)

ಉತ್ತರ: ಹಗುರ ಹ್ಯಾಚ್‌ಬ್ಯಾಕಿಗೆ ತಣ್ಣಗಿರುವಾಗ 28–30 ಪಿಎಸ್‌ಐಯಿಂದ ಶುರು ಮಾಡಿ. ಓಡಿದ ಮೇಲೆ 6–8 ಏರುತ್ತದೆ. ಟ್ರೆಡ್ಡಿನ ಅಂಚಿನಿಂದ ಪಕ್ಕದ ಗೋಡೆಯವರೆಗೆ ಸೀಮೆಸುಣ್ಣದ ಗೆರೆ ಎಳೆದು ಒಳಗೆ ಹೋಗಿ. ಬಂದಾಗ ಗೋಡೆಯ ಮೇಲಿನ ಪುಟ್ಟ ತ್ರಿಕೋನ ಗುರುತಿಗಿಂತ ಕೆಳಗಿನ ಸುಣ್ಣವೂ ಅಳಿಸಿದ್ದರೆ ಟೈರು ಮಗುಚುತ್ತಿದೆ, 2 ಏರಿಸಿ. ಟ್ರೆಡ್ಡಿನ ಅಂಚಿನಲ್ಲೇ ಸುಣ್ಣ ಉಳಿದಿದ್ದರೆ 2 ಇಳಿಸಿ. ಮನೆಗೆ ಹೊರಡುವ ಮುನ್ನ ಬಾಗಿಲ ಬಳಿಯ ಸ್ಟಿಕ್ಕರ್ ಹೇಳುವಷ್ಟಕ್ಕೆ ತನ್ನಿ. ಇರುಂಗಾಟ್ಟುಕೋಟ್ಟೈಯಿಂದ ಬೆಂಗಳೂರಿಗೆ 300 ಕಿ.ಮೀ. ಹೆದ್ದಾರಿ ಇದೆ, 3 ಮಿ.ಮೀ. ಟ್ರೆಡ್ ಆದರೂ ಉಳಿಸಿಕೊಳ್ಳಿ. ಟೈರಿನ ಗೋಡೆಯ ಮೇಲೆ DOT ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರದ್ದು. ಆರು ವರ್ಷ ದಾಟಿದ ಟೈರು, ಟ್ರೆಡ್ ಎಷ್ಟೇ ಇರಲಿ, ಟ್ರ್ಯಾಕಿಗೆ ಬೇಡ.

ಪ್ರಶ್ನೆ: ಇನ್ಶೂರೆನ್ಸ್ ಇದೆ. ಟ್ರ್ಯಾಕಿನಲ್ಲಿ ಗುದ್ದಿದರೆ ಹಣ ಬರುತ್ತದೆಯೇ? ಎಕ್ಸಾಸ್ಟ್ ಬದಲಿಸಿ, ನಾಲ್ಕು ಪಟ್ಟಿಯ ಬೆಲ್ಟ್ ಹಾಕಿಸುವ ಯೋಚನೆಯೂ ಇದೆ. (ಮಂಗಳೂರು)

ಉತ್ತರ: ಬರುತ್ತದೆ ಎಂದು ನಂಬಿ ಇಳಿಯಬೇಡಿ. ನಮ್ಮ ದೇಶದ ಸಾಮಾನ್ಯ ಕಾರು ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಸಾಲಿದೆ. ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಅದರಿಂದ ಹೊರಗೆ. ‘ಇದು ರೇಸ್ ಅಲ್ಲ, ಟ್ರ್ಯಾಕ್ ಡೇ (ಪೈಪೋಟಿಯಿಲ್ಲದೆ ಸ್ವಂತ ಕಾರು ಓಡಿಸುವ ದಿನ)’ ಎಂಬ ವಾದ ಕ್ಲೇಮ್ ಹೊತ್ತಿಗೆ ನಿಲ್ಲುತ್ತದೆ ಎನ್ನುವ ಭರವಸೆ ಇಲ್ಲ. ಗೋಡೆಗೆ ಗುದ್ದಿ ಪೂರ್ತಿ ಹಾಳಾದರೂ ಸಾಲ ಉಳಿಯದಂಥ ಕಾರನ್ನೇ ಕೊಳ್ಳಿ ಎನ್ನುವುದು ಇದಕ್ಕೇ.

ಎಕ್ಸಾಸ್ಟ್ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಣೆಯಿಂದ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಬೆಲ್ಟ್ ವಿಷಯ ಇನ್ನೂ ಗಂಭೀರ. ಕಾರು ಮಗುಚಿ ಛಾವಣಿ ಕುಸಿದಾಗ ಕಂಪನಿಯ ಬೆಲ್ಟ್ ದೇಹವನ್ನು ಪಕ್ಕಕ್ಕೆ ವಾಲಲು ಬಿಡುತ್ತದೆ. ನಾಲ್ಕು ಪಟ್ಟಿ ನೆಟ್ಟಗೆ ಕಟ್ಟಿಹಾಕುತ್ತದೆ, ಭಾರವೆಲ್ಲ ಕುತ್ತಿಗೆಗೆ. ರೋಲ್ ಕೇಜ್ (ಛಾವಣಿ ಕುಸಿಯದಂತೆ ತಡೆಯುವ ಉಕ್ಕಿನ ಪಂಜರ) ಇಲ್ಲದ ಕಾರಿಗೆ ಅದನ್ನು ಹಾಕಿಸಬೇಡಿ. ಆ ಹಣದಲ್ಲಿ ಒಳ್ಳೆಯ ಹೆಲ್ಮೆಟ್ ತಗೊಳ್ಳಿ. ಹೆಲ್ಮೆಟ್ ಪರೀಕ್ಷಿಸುವ ಸಂಸ್ಥೆ ಸ್ನೆಲ್‌ನ ಎಸ್‌ಎ ದರ್ಜೆಯದ್ದರ ಒಳಪದರ ಬೆಂಕಿ ತಡೆಯುತ್ತದೆ, ಎಂ ದರ್ಜೆ ಬೈಕಿನದು. ಮೈಮೇಲೆ ಪೂರ್ತಿ ತೋಳಿನ ಹತ್ತಿ ಬಟ್ಟೆ ಇರಲಿ. ನೈಲಾನ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಪ್ರಶ್ನೆ: ಟ್ರ್ಯಾಕಿನ ದಿನ ಮರೆಯಬಾರದ್ದು ಏನು? (ಬೆಳಗಾವಿ)

ಉತ್ತರ: ಟಾರ್ಕ್ ರೆಂಚ್. ಬಿಸಿಯಾಗಿ ತಣಿದ ಚಕ್ರದ ನಟ್ಟುಗಳು ಸಡಿಲಾಗುತ್ತವೆ. ಟ್ರ್ಯಾಕಿನಿಂದ ಹೊರಬಂದಾಗಲೆಲ್ಲ, ತಣ್ಣಗಾದ ಮೇಲೆ ನಿಮ್ಮ ಕಾರಿನ ಪುಸ್ತಕದ ಅಳತೆಗೆ ಬಿಗಿ ಮಾಡಿ. ಪೋಲೊಗೆ 120 ನ್ಯೂಟನ್ ಮೀಟರ್. ಡಿಕ್ಕಿಯಿಂದ ಸ್ಟೆಪ್ನಿ, ಜ್ಯಾಕ್, ಸೀಟಿನ ಕೆಳಗಿನ ಬಾಟಲಿ ಎಲ್ಲ ತೆಗೆದಿಡಿ. ಉರುಳಿದ ಬಾಟಲಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕರೆ ಗತಿ? ಎಂಜಿನ್ ಆಯಿಲ್ ಮೇಲಿನ ಗೆರೆಯವರೆಗೆ ಇರಲಿ. ಉದ್ದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪಿನ ಬಾಯಿ ಬರಿದಾದರೆ ಬೇರಿಂಗ್ ಹೋಗುತ್ತದೆ. ನಿಂತ ಕಾರನ್ನು ಎಳೆಯಲು ಸಿಕ್ಕಿಸುವ ಟೋ ಹುಕ್ ಮುಂಚೆಯೇ ತಿರುಗಿಸಿ ನೋಡಿ, ತುಕ್ಕು ಹಿಡಿದಿರುತ್ತದೆ.

ಕೊನೆಯ ಸುತ್ತನ್ನು ಬ್ರೇಕ್ ಒತ್ತದೆ ನಿಧಾನವಾಗಿ ಮುಗಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಡ್ರಮ್ಮಿಗೆ ಲೈನಿಂಗ್ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಹತ್ತು ನಿಮಿಷ ಬಾನೆಟ್ ಎತ್ತಿಡಿ.