35 ಸಾವಿರಕ್ಕೆ ಮೊದಲ ರೋಡ್ ಬೈಕ್: ಅಂಗಡಿಗೆ ಹೋಗುವ ಮೊದಲು ಕಾಲು ಅಳೆದುಕೊಳ್ಳಿ

ಮೈಸೂರಿನಲ್ಲಿ ಕೆಲಸ, ಎತ್ತರ ಐದು ಅಡಿ ಐದು ಇಂಚು, ಕೈಯಲ್ಲಿ 35 ಸಾವಿರ ಇದೆ, ಭಾನುವಾರ ಶ್ರೀರಂಗಪಟ್ಟಣ, ನಂಜನಗೂಡು ಕಡೆ ಹೋಗಿ ಬರಬೇಕು, ಒಂದು ದಿನ ಚಾಮುಂಡಿ ಬೆಟ್ಟ ಹತ್ತಬೇಕು, ಯಾವ ರೋಡ್ ಬೈಕ್, ಅಂದರೆ ಹ್ಯಾಂಡಲ್ ಕೆಳಕ್ಕೆ ಬಾಗಿರುವ ತೆಳ್ಳನೆ ಟೈರಿನ ಸೈಕಲ್, ತೆಗೆದುಕೊಳ್ಳಲಿ ಎಂದು ಕೇಳಿದ್ದೀರಿ. ಹೊಸದಾ, ಸೆಕೆಂಡ್ ಹ್ಯಾಂಡಾ ಅಂತಲೂ ಕೇಳಿದ್ದೀರಿ.

ಮಾಡೆಲ್ ವಿಷಯ ಆಮೇಲೆ. ಮೊದಲು ನಾನು ದುಡ್ಡು ಕಳೆದುಕೊಂಡ ಕಥೆ ಕೇಳಿ.

ನಾನು ನಿಮಗಿಂತ ಒಂದಿಂಚು ಎತ್ತರ ಇರಬಹುದು, ಅಷ್ಟೇ. ಮೊದಲ ರೋಡ್ ಬೈಕನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ 18 ಸಾವಿರಕ್ಕೆ ತಂದೆ. ಒಳ್ಳೆಯ ಫ್ರೇಮು, ಒಳ್ಳೆಯ ಗೇರು, ಗೀರು ಕೂಡ ಇರಲಿಲ್ಲ. ಫ್ರೇಮಿನ ಸೈಜು ಮಾತ್ರ 56 ಸೆಂಟಿಮೀಟರ್, ನನಗೆ ದೊಡ್ಡದು. ಮಾರಿದವರು ಆರಡಿ ಆಳು. "ಸೀಟು ಇಳಿಸಿದರೆ ಆಯ್ತು ಬಿಡಿ" ಎಂದರು. ಅಗ್ಗಕ್ಕೆ ಸಿಗುತ್ತಿದೆಯಲ್ಲ ಎಂಬ ಖುಷಿಯಲ್ಲಿ ನಾನೂ ತಲೆಯಾಡಿಸಿದೆ. ಸೀಟೇನೋ ಇಳಿಯಿತು. ಹ್ಯಾಂಡಲ್ ಹತ್ತಿರ ಬರಬೇಕಲ್ಲ? ಕೆಆರ್‌ಎಸ್‌ಗೆ ಹೋಗಿ ಬರುವಷ್ಟರಲ್ಲಿ ಅಂಗೈ ಜೋಮು ಹಿಡಿಯುತ್ತಿತ್ತು, ಕುತ್ತಿಗೆ ತಿರುಗಿಸಲು ಆಗುತ್ತಿರಲಿಲ್ಲ. ಚಿಕ್ಕ ಸ್ಟೆಮ್ (ಹ್ಯಾಂಡಲನ್ನು ಫ್ರೇಮಿಗೆ ಸೇರಿಸುವ ತುಂಡು) ಹಾಕಿಸಿದೆ, ಸೀಟನ್ನು ಮುಂದಕ್ಕೆ ತಳ್ಳಿದೆ, ಆಗ ಮಂಡಿ ನೋವು ಶುರುವಾಯಿತು. ಐದು ತಿಂಗಳಿಗೆ 12 ಸಾವಿರಕ್ಕೆ ಮಾರಿ ಕೈ ತೊಳೆದುಕೊಂಡೆ. ಅದನ್ನು ಮನೆಗೆ ತಂದ ದಿನ ನಮ್ಮಮ್ಮ "ಬೈಕ್ ತಗೊಂಡೆ ಅಂದ್ಯಲ್ಲೋ, ಇದು ಸೈಕಲ್ಲಲ್ವಾ?" ಎಂದು ಕೇಳಿದ್ದರು. ಮಾರಿದ ದಿನ ಅವರಿಗೆ ಬೇಜಾರೇನೂ ಆಗಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಅಳತೆ ಮೊದಲು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಇಟ್ಟು, ಸೀಟಿನ ಮೇಲೆ ಕೂತರೆ ಎಷ್ಟು ಒತ್ತುತ್ತದೋ ಅಷ್ಟು ಮೇಲಕ್ಕೆ ಒತ್ತಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪಿನಲ್ಲಿ ಅಳೆಯಿರಿ. ನಿಮಗೆ 76 ಸೆಂಟಿಮೀಟರ್ ಬಂತು ಎಂದುಕೊಳ್ಳೋಣ. ಅದನ್ನು 0.66ರಿಂದ ಗುಣಿಸಿದರೆ 50. ನಿಮ್ಮ ಫ್ರೇಮು ಸುಮಾರಾಗಿ ಆ ಸೈಜಿನದು. ಅದೇ 76ನ್ನು 0.883ರಿಂದ ಗುಣಿಸಿದರೆ 67. ಪೆಡಲಿನ ಕ್ರ್ಯಾಂಕ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ ಅದು. ಕಂಪನಿಯಿಂದ ಕಂಪನಿಗೆ ಸೈಜು ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಹಾಗಾಗಿ ಕೂತು ನೋಡಲೇಬೇಕು. ಎರಡು ಸೈಜಿನ ನಡುವೆ ಸಿಕ್ಕಿಹಾಕಿಕೊಂಡರೆ ಚಿಕ್ಕದೇ ಇರಲಿ. ಚಿಕ್ಕ ಫ್ರೇಮಿಗೆ ಉದ್ದದ ಸ್ಟೆಮ್ ಹಾಕಿ ಹೇಗೋ ಸರಿ ಮಾಡಿಕೊಳ್ಳಬಹುದು. ದೊಡ್ಡದನ್ನು ಚಿಕ್ಕದು ಮಾಡಲು ಹೋದರೆ ನನ್ನ ಕಥೆಯೇ.

ಇನ್ನು ಬೆಟ್ಟ. ಮೈಸೂರು ಊರು ಸುಮಾರು 760 ಮೀಟರ್ ಎತ್ತರದಲ್ಲಿದೆ, ಬೆಟ್ಟದ ತುದಿ 1060ರ ಆಸುಪಾಸು. ಅಂದರೆ 300 ಮೀಟರಿನಷ್ಟು ಏರು. ಅಗ್ಗದ ಸೈಕಲ್‌ಗಳು ಮೋಸ ಮಾಡುವುದು ಇಲ್ಲೇ. ಅಂಗಡಿಯವರು 14 ಗೇರು, 16 ಗೇರು ಎಂದು ಲೆಕ್ಕ ಹೇಳುತ್ತಾರೆ. ಬೆಟ್ಟಕ್ಕೆ ಬೇಕಾಗಿರುವುದು ಒಂದೇ ಒಂದು ಗೇರು, ಎಲ್ಲಕ್ಕಿಂತ ಹಗುರವಾದದ್ದು. ಚೈನು ಓಡುವ ಹಲ್ಲುಚಕ್ರಗಳಲ್ಲಿ ಮುಂದಿನ, ಅಂದರೆ ಪೆಡಲಿನ ಹತ್ತಿರದ ಚಿಕ್ಕದರಲ್ಲಿ ಎಷ್ಟು ಹಲ್ಲು, ಹಿಂದಿನ ದೊಡ್ಡದರಲ್ಲಿ ಎಷ್ಟು ಹಲ್ಲು ಎಂದು ಕೇಳಿ. ಹೇಳದಿದ್ದರೆ ನೀವೇ ಎಣಿಸಿ, ನಾಚಿಕೆ ಬೇಡ. ರೋಡ್ ಬೈಕಿನ ಟೈರು ಒಂದು ಸುತ್ತಿಗೆ ಸುಮಾರು 2.1 ಮೀಟರ್ ಉರುಳುತ್ತದೆ. ಮುಂದೆ 34, ಹಿಂದೆ 28 ಹಲ್ಲು ಇದ್ದರೆ ಒಂದು ಪೆಡಲ್ ಸುತ್ತಿಗೆ ಎರಡೂವರೆ ಮೀಟರ್ ಹೋಗುತ್ತೀರಿ. ಹಿಂದೆ 32 ಇದ್ದರೆ 2.2 ಮೀಟರ್. ಮುಂದೆ ಒಂದೇ ಚಕ್ರ, ಅದರಲ್ಲಿ 44 ಹಲ್ಲು, ಹಿಂದೆ 28 ಎಂದಾದರೆ 3.3 ಮೀಟರ್! ಈ ಕೊನೆಯದರಲ್ಲಿ ರಿಂಗ್ ರೋಡ್ ಸುತ್ತುವುದು ಆರಾಮ. ಬೆಟ್ಟಕ್ಕೆ ಹೋದರೆ ಅರ್ಧ ದಾರಿಯಲ್ಲಿ ಇಳಿದು ತಳ್ಳಬೇಕಾಗುತ್ತದೆ, ಪಕ್ಕದಲ್ಲಿ ಬಸ್ಸಿನಲ್ಲಿ ಹೋಗುವವರು ನೋಡುತ್ತಿರುತ್ತಾರೆ. ಹೊಸಬರಿಗೆ 34-32 ಅಥವಾ ಅದಕ್ಕಿಂತ ಹಗುರ ಇದ್ದರೆ ಒಳ್ಳೆಯದು.

ಗೇರಿನ ಮಾತು ಬಂದಾಗ ಶಿಮಾನೊ ಕಂಪನಿಯ ಹೆಸರುಗಳು ಕಿವಿಗೆ ಬೀಳುತ್ತವೆ. ಕೆಳಗಿನಿಂದ ಟೂರ್ನಿ, ಕ್ಲಾರಿಸ್, ಸೋರಾ, ಟಿಯಾಗ್ರಾ, ಆಮೇಲೆ 105. ಹಿಂದಿನ ಚಕ್ರದಲ್ಲಿ ಟೂರ್ನಿಗೆ 7, ಕ್ಲಾರಿಸ್‌ಗೆ 8, ಸೋರಾಕ್ಕೆ 9, ಟಿಯಾಗ್ರಾಕ್ಕೆ 10 ಹಂತ. 105ರ ಆಸೆ ಈಗ ಬೇಡ. ಟೂರ್ನಿಯಿಂದ ಕ್ಲಾರಿಸ್‌ಗೆ ಹೋಗಲು ಮಾತ್ರ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ರೋಡ್ ಬೈಕಿನ ಟೂರ್ನಿ ಲಿವರ್‌ಗಳಲ್ಲಿ ಗೇರು ಬದಲಿಸಲು ಹೆಬ್ಬೆರಳಿನ ಗುಂಡಿಯೊಂದು ಇರುತ್ತದೆ. ಹ್ಯಾಂಡಲಿನ ಕೆಳಕ್ಕೆ ಬಾಗಿದ ಭಾಗವನ್ನು ಹಿಡಿದಿರುವಾಗ ಅದು ಕೈಗೆ ಎಟುಕುವುದಿಲ್ಲ. ಇನ್ನೊಂದು, 7 ಗೇರಿನ ಎಷ್ಟೋ ಸೈಕಲ್‌ಗಳಲ್ಲಿ ಹಿಂದೆ ಇರುವುದು ಹಳೇ ಕಾಲದ ಫ್ರೀವೀಲ್, ಅಂದರೆ ಚಕ್ರಕ್ಕೆ ತಿರುಪಿನಂತೆ ಕೂರುವ ಹಲ್ಲುಚಕ್ರಗಳ ಗೊಂಚಲು. ಅದರಲ್ಲಿ ಬೇರಿಂಗ್ ಒಳಗಡೆಗೆ ಸರಿದಿರುವುದರಿಂದ ಆಕ್ಸಲ್ ಮೇಲೆ ಭಾರ ಜಾಸ್ತಿ. ನಮ್ಮ ಹಂಪುಗಳಲ್ಲಿ ಕುಣಿದು ಕುಣಿದು ಆಕ್ಸಲ್ ಬಾಗುತ್ತದೆ.

ಹಂಪು ಎಂದಾಗ ಟೈರು ನೆನಪಾಯಿತು. ಅಂತರ್ಜಾಲದಲ್ಲಿ ಹೊರದೇಶದವರ ವಿಡಿಯೋ ನೋಡಿ 23 ಮಿಲಿಮೀಟರ್ ಟೈರು ಹುಡುಕಬೇಡಿ. 28 ಇರಲಿ, 32 ಹಿಡಿಸುವ ಫ್ರೇಮಾದರೆ ಇನ್ನೂ ಸುಖ. ಹಳೆಯ ಫ್ರೇಮುಗಳಲ್ಲಿ ಬ್ರೇಕಿನ ಕೆಳಗೆ 25ಕ್ಕಿಂತ ದಪ್ಪದ್ದು ಹಿಡಿಸದೇ ಇರಬಹುದು. ಸೆಕೆಂಡ್ ಹ್ಯಾಂಡ್ ನೋಡುವಾಗ ಟೈರಿಗೂ ಬ್ರೇಕಿಗೂ ನಡುವೆ ಎಷ್ಟು ಜಾಗ ಇದೆ ಎಂದು ಬಗ್ಗಿ ನೋಡಿ.

ಈಗ ಹೊಸದಾ, ಹಳೆಯದಾ? ಹೊಸದರಲ್ಲಿ ನಿಮ್ಮ ಬಜೆಟ್ಟಿಗೆ ಸಿಗುವುದು ಹೆಚ್ಚಾಗಿ ಟೂರ್ನಿ ಮಟ್ಟದ ಸೈಕಲ್. ಒಂದು ಸಮಾಧಾನ ಎಂದರೆ 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಮೊದಲು ತೆರಿಗೆ ಸೇರಿ 35 ಸಾವಿರ ಆಗುತ್ತಿದ್ದದ್ದು ಅದೇ ಮೂಲ ಬೆಲೆಗೆ ಈಗ 32,800ರ ಹತ್ತಿರ ಬರಬೇಕು. ಹಳೇ ಪೋಸ್ಟುಗಳಲ್ಲಿರುವ ಬೆಲೆ ನಂಬಬೇಡಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಇದೇ ದುಡ್ಡಿಗೆ ಕ್ಲಾರಿಸ್, ಸೋರಾ ಸಿಗುವುದನ್ನು ನೋಡಿದ್ದೇನೆ. ಡೆಕಾಥ್ಲಾನ್‌ನ ಟ್ರೈಬಾನ್ ಆಗಾಗ ಮಾರಾಟಕ್ಕೆ ಬರುತ್ತದೆ, ಟಿಐ ಸೈಕಲ್ಸ್‌ನ ಮಾಂಟ್ರಾ ಕೂಡ. ಜೋಶಿನಲ್ಲಿ ಕೊಂಡು, ನಾಲ್ಕು ಸಲ ಓಡಿಸಿ, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಬಿಟ್ಟವರ ಸೈಕಲ್ಲೇ ನಿಮಗೆ ಬೇಕಾಗಿರುವುದು. ಬೆಂಗಳೂರಿನಲ್ಲಿ ಅಂಥವು ಬೇಕಾದಷ್ಟಿವೆ. ನನ್ನ ಈಗಿನ ಸೈಕಲ್ ಕೂಡ ಹಾಗೆಯೇ ಸಿಕ್ಕಿದ್ದು, ಈ ಸಲ ಸೈಜು 52.

ನೋಡಲು ಹೋಗುವಾಗ ಒಂದಡಿ ಸ್ಕೇಲು ಜೊತೆಗಿರಲಿ. ಚೈನಿನ ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ ಹೊಸ ಚೈನಿನಲ್ಲಿ ಇನ್ನೊಂದು ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರುತ್ತದೆ. ಇಂಚಿನ ಹದಿನಾರನೇ ಒಂದು ಪಾಲು ಮುಂದೆ ಹೋಗಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಪಾಲು ಹೋಗಿದ್ದರೆ ಹಿಂದಿನ ಹಲ್ಲುಚಕ್ರವೂ ಸವೆದಿರುತ್ತದೆ, ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ರಿಮ್ಮಿನ ಬದಿಗೆ ಬೆರಳಾಡಿಸಿ. ಬ್ರೇಕು ಉಜ್ಜುವ ಕಡೆ ಗುಳಿ ಬಿದ್ದಿದ್ದರೆ ರಿಮ್ಮಿನ ಆಯುಷ್ಯ ಮುಗಿಯಿತು. ಹ್ಯಾಂಡಲ್ ಕೆಳಗಿನ ಕೊಳವೆಗಳು ಸೇರುವಲ್ಲಿ ಟಾರ್ಚ್ ಬಿಟ್ಟು ನೋಡಿ, ಕೂದಲೆಳೆಯಂಥ ಬಿರುಕು ಕಂಡರೆ ಮಾತೇ ಬೇಡ, ವಾಪಸ್ ಬನ್ನಿ. ಸೀಟು ಮೇಲೆ ಕೆಳಗೆ ಸರಿಯುತ್ತದಾ ನೋಡಿ, ಎಷ್ಟೋ ಸೈಕಲ್‌ಗಳಲ್ಲಿ ಅದು ತುಕ್ಕಿಗೆ ಕಚ್ಚಿಕೊಂಡಿರುತ್ತದೆ. ಬಿಲ್ ಕೇಳಿ, ಪೆಡಲಿನ ಕ್ರ್ಯಾಂಕ್ ಸೇರುವಲ್ಲಿ ಫ್ರೇಮಿನ ಅಡಿಗೆ ಒತ್ತಿರುವ ನಂಬರಿಗೆ ಹೋಲಿಸಿ. ಕದ್ದ ಸೈಕಲ್ ಕೊಂಡು ಸ್ಟೇಷನ್ ಮೆಟ್ಟಿಲು ಹತ್ತುವುದು ಯಾಕೆ? ಅಗ್ಗಕ್ಕೆ ಸಿಗುವ ಹಳೇ ಕಾರ್ಬನ್ ಫ್ರೇಮು ಮುಟ್ಟಲೇಬೇಡಿ. ಅಲ್ಯೂಮಿನಿಯಂನಲ್ಲಿ ಪೆಟ್ಟು ಕಣ್ಣಿಗೆ ಕಾಣುತ್ತದೆ, ಕಾರ್ಬನ್‌ನಲ್ಲಿ ಬಣ್ಣದ ಕೆಳಗೆ ಅಡಗಿಕೊಳ್ಳಬಹುದು.

ಹೈಬ್ರಿಡ್, ಅಂದರೆ ರೋಡ್ ಬೈಕಿಗೂ ಗುಡ್ಡಗಾಡಿನ ಸೈಕಲ್ಲಿಗೂ ನಡುವಿನ ಸೈಕಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದಿನಾ ಆಫೀಸಿಗೂ ಅದರಲ್ಲೇ ಹೋಗುವುದಾದರೆ, ಬೆನ್ನು ನೋವು ಇದ್ದರೆ, ನೇರ ಹ್ಯಾಂಡಲಿನ ಹೈಬ್ರಿಡ್ ತಪ್ಪೇನಲ್ಲ. ಮುಂದೆ ಸಸ್ಪೆನ್ಷನ್ ಇರುವುದು ಮಾತ್ರ ಬೇಡ, ಸುಮ್ನೆ ಭಾರ.

35 ಸಾವಿರವನ್ನೂ ಸೈಕಲ್ಲಿಗೇ ಸುರಿಯಬೇಡಿ. ಆರೇಳು ಸಾವಿರ ಪಕ್ಕಕ್ಕಿಡಿ. ಹೆಲ್ಮೆಟ್, ಮುಂದೆ ಬಿಳಿ ಹಿಂದೆ ಕೆಂಪು ಲೈಟು, ಎರಡು ಟ್ಯೂಬು, ಟೈರು ಬಿಚ್ಚಲು ಟೈರ್ ಲಿವರ್, ಗೇಜ್ ಇರುವ ಪಂಪು. ಪಂಪು ಯಾಕೆಂದರೆ ತೆಳ್ಳನೆ ಟೈರಿನ ಗಾಳಿ ವಾರಕ್ಕೆ ಇಳಿಯುತ್ತದೆ, ಪ್ರತಿ ಸಲ ಪೆಟ್ರೋಲ್ ಬಂಕಿಗೆ ಓಡಲು ಆಗುವುದಿಲ್ಲ. ಓಡಿದರೂ ಪ್ರಯೋಜನವಿಲ್ಲ. ರೋಡ್ ಬೈಕಿನ ವಾಲ್ವು ಹೆಚ್ಚಾಗಿ ಪ್ರೆಸ್ಟಾ, ತೆಳ್ಳಗೆ ಉದ್ದಕ್ಕೆ ಇರುತ್ತದೆ, ಬಂಕಿನ ನಳಿಕೆ ಅದಕ್ಕೆ ಕೂರುವುದಿಲ್ಲ. ಒಮ್ಮೆ ನಂಜನಗೂಡಿನ ಆಚೆ ಪಂಕ್ಚರ್ ಆಗಿತ್ತು. ಅಂಗಡಿಯ ಅಜ್ಜ ಅಚ್ಚುಕಟ್ಟಾಗಿ ತೇಪೆ ಹಾಕಿದರು. ಗಾಳಿ ಹೊಡೆಯಲು ಹೋಗಿ ವಾಲ್ವನ್ನು ಎರಡು ನಿಮಿಷ ತಿರುಗಿಸಿ ತಿರುಗಿಸಿ ನೋಡಿ, "ಇದೇನು ಸ್ವಾಮಿ, ಇಂಜೆಕ್ಷನ್ನಾ?" ಎಂದರು. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಒಂದು ಬರುತ್ತದೆ, ಅದನ್ನು ತಿರುಗಿಸಿ ಹಾಕಿದರೆ ಕಾರಿಗೆ ಗಾಳಿ ಹೊಡೆಯುವ ಪಂಪು ಕೂಡ ನಡೆಯುತ್ತದೆ. ನನ್ನ ಹತ್ತಿರ ಅವತ್ತು ಇರಲಿಲ್ಲ. ಈಗ ಒಂದು ಸೀಟಿನ ಕೆಳಗಿನ ಚೀಲದಲ್ಲಿದೆ, ಇನ್ನೊಂದು ಮನೆ ಬೀಗದ ಕೈಗೊಂಚಲಿನಲ್ಲಿದೆ.

ಅಳತೆ ತೆಗೆದು ಎಷ್ಟು ಬಂತು ಎಂದು ಕಾಮೆಂಟಿನಲ್ಲಿ ಹಾಕಿ. ಯಾವುದಾದರೂ ಸೆಕೆಂಡ್ ಹ್ಯಾಂಡ್ ಕಣ್ಣಿಗೆ ಬಿದ್ದರೆ ಫೋಟೋ ಕೂಡ ಹಾಕಿ, ಚೈನು ಇರುವ ಬದಿಯಿಂದ ತೆಗೆದದ್ದು.